‘ಸಾಕಷ್ಟು ನಯವಾದ ಅಂಚು’ ಅಂದರೆ ಎಷ್ಟು ನಯ? ಡೊಮೇನಿನ ಗಡಿ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

‘ಒಮೆಗಾ ಒಂದು ಸೀಮಿತ ಡೊಮೇನ್, ಅದರ ಅಂಚು ಸಾಕಷ್ಟು ನಯವಾಗಿದೆ ಎಂದಿಟ್ಟುಕೊಳ್ಳಿ.’ ಪಾರ್ಶಿಯಲ್ ಡಿಫರೆನ್ಷಿಯಲ್ ಸಮೀಕರಣಗಳನ್ನು ಓದಿದವರಿಗೆಲ್ಲ ಈ ಸಾಲು ಬಾಯಿಪಾಠ. ಸಾಕಷ್ಟು ಅಂದರೆ ಎಷ್ಟು ಅಂತ ಮಾತ್ರ ಅಲ್ಲಿ ಬರೆದಿರುವುದಿಲ್ಲ. ನಾನೂ ತುಂಬ ದಿನ ಆ ಸಾಲನ್ನು ದಾಟಿಕೊಂಡು ಮುಂದೆ ಹೋಗುತ್ತಿದ್ದೆ. ವೃತ್ತ ನಯ, ಚೌಕ ನಯ ಅಲ್ಲ, ಅಷ್ಟೇ ನನ್ನ ಲೆಕ್ಕ.

ಆಮೇಲೆ ಗೊತ್ತಾಯಿತು, ‘ಎಷ್ಟು ನಯ’ ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಕೆಲವು ಪ್ರಮೇಯಗಳಿಗೆ ಮೂಲೆ ಇದ್ದರೂ ಏನೂ ಆಗುವುದಿಲ್ಲ. ಕೆಲವಕ್ಕೆ ಒಳಮುಖದ ಮೂಲೆ ಆಗುತ್ತದೆ, ಹೊರಮುಖದ್ದು ಆಗುವುದಿಲ್ಲ. ಇನ್ನು ಕೆಲವಕ್ಕೆ ಇದೇ ತಿರುವುಮುರುವು. ಎಲ್ಲಿಯೂ ಸ್ಪರ್ಶರೇಖೆಯೇ ಇಲ್ಲದ ಅಂಚಿನ ಮೇಲೂ ನಡೆಯುವ ಪ್ರಮೇಯಗಳಿವೆ. ಹಾಗಾಗಿ ನಾನು ಈಗ ನಯವನ್ನು ಅಳೆಯಲು ಹೋಗುವುದಿಲ್ಲ. ನಾಲ್ಕು ಸಲಕರಣೆ ಇಟ್ಟುಕೊಂಡು ಅಂಚಿನ ಉದ್ದಕ್ಕೂ ಓಡಾಡುತ್ತೇನೆ: ಒಂದು ದಿಕ್ಕು, ಒಂದು ಚೆಂಡು, ಒಂದು ಶಂಕು, ಒಂದು ದಾರಿ. ಯಾವುದು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ನೋಡುತ್ತೇನೆ. ಕೆಳಗಿನ ಹೆಜ್ಜೆಗಳು ಅದೇ ಕ್ರಮದಲ್ಲಿವೆ.

ಇಲ್ಲಿ ಡೊಮೇನ್ ಅಂದರೆ ಯೂಕ್ಲಿಡಿಯನ್ ಜಾಗದಲ್ಲಿನ ಒಂದು ತೆರೆದ, ತುಂಡಾಗದ ಗಣ. ಅಂಚಿನ ಬಿಂದುಗಳು ಅದರೊಳಗೆ ಸೇರುವುದಿಲ್ಲ. ಹೆಚ್ಚಿನ ಉದಾಹರಣೆಗಳು ಸಮತಲದವು. ಎರಡು ಕಡೆ ಮಾತ್ರ ಮೂರು ಆಯಾಮಕ್ಕೆ ಹೋಗಲೇಬೇಕು, ಅಲ್ಲಿನ ಆಟ ಬೇರೆ.

ಹೆಜ್ಜೆ 1: ಸಂಶಯದ ಬಿಂದುಗಳಿಗೆ ಗುರುತು ಹಾಕಿ

ಮೊದಲು ಚಿತ್ರ ಬರೆಯಿರಿ. ಅಂಚು ತುಂಡು ತುಂಡಾಗಿ ಕೂಡಿಸಿದ್ದಾದರೆ ಜೋಡಣೆಯ ಜಾಗಗಳಷ್ಟೇ ಸಂಶಯದ ಬಿಂದುಗಳು. ಉಳಿದ ಕಡೆ ಆಯಾ ತುಂಡಿನ ಗುಣವೇ ಅಂಚಿನ ಗುಣ.

ಅಂಚನ್ನು ಒಂದು ಸಮೀಕರಣದಿಂದ ಕೊಟ್ಟಿದ್ದರೆ, ಅಂದರೆ ‘ರೋ = 0 ಆಗುವ ಬಿಂದುಗಳು’ ಅಂತಿದ್ದರೆ, ರೋ ಫಂಕ್ಷನ್ನಿನ ಗ್ರೇಡಿಯಂಟ್ ಅಂಚಿನ ಮೇಲೆ ಎಲ್ಲಿ ಸೊನ್ನೆಯಾಗುತ್ತದೆ ಅಂತ ಹುಡುಕಿ. ಸೊನ್ನೆಯಾಗದ ಕಡೆ ಇಂಪ್ಲಿಸಿಟ್ ಫಂಕ್ಷನ್ ಪ್ರಮೇಯ ನಿಮ್ಮ ಕೆಲಸ ಮಾಡಿಕೊಡುತ್ತದೆ: ರೋ ಎಷ್ಟು ನಯವೋ ಅಂಚೂ ಅಷ್ಟೇ ನಯ. ಸೊನ್ನೆಯಾದ ಕಡೆ ಏನು ಬೇಕಾದರೂ ಆಗಬಹುದು. ವೈ-ಘನದಿಂದ ಎಕ್ಸ್-ವರ್ಗ ಕಳೆದು ನೋಡಿ. ಸುಮ್ನೆ ಒಂದು ಬಹುಪದ, ಅದಕ್ಕಿಂತ ನಯವಾದ ಫಂಕ್ಷನ್ ಇಲ್ಲ. ಆದರೂ ಅದು ಸೊನ್ನೆಗಿಂತ ಹೆಚ್ಚಿರುವ ಡೊಮೇನಿಗೆ ಮೂಲಬಿಂದುವಿನಲ್ಲಿ ಸೂಜಿಮೊನೆ ಇದೆ. ಈ ಆಕಾರಕ್ಕೆ ಕಸ್ಪ್ ಅನ್ನುತ್ತಾರೆ. ಇನ್ನೊಂದು ಕಡೆ, ರೋ ಬರೀ ವೈ-ಘನ ಆಗಿದ್ದರೆ ಗ್ರೇಡಿಯಂಟ್ ಅಂಚಿನ ಮೇಲೆ ಎಲ್ಲ ಕಡೆ ಸೊನ್ನೆ, ಅಂಚು ಮಾತ್ರ ನೇರ ಗೆರೆ. ಗ್ರೇಡಿಯಂಟ್ ಸೊನ್ನೆಯಾದರೆ ಸಂಶಯ ಪಡಿ, ತೀರ್ಪು ಕೊಡಬೇಡಿ.

ಹೆಜ್ಜೆ 2: ಒಳಭಾಗ ಅಂಚಿನ ಒಂದೇ ಪಕ್ಕದಲ್ಲಿದೆಯೇ?

ಇದನ್ನು ಮರೆಯುವವರು ಜಾಸ್ತಿ. ಒಂದು ವೃತ್ತಾಕಾರದ ತಟ್ಟೆ ತೆಗೆದುಕೊಳ್ಳಿ, ಮಧ್ಯದಿಂದ ಅಂಚಿನವರೆಗೆ ಒಂದು ತ್ರಿಜ್ಯವನ್ನು ಸೀಳಿ ತೆಗೆಯಿರಿ. ಸೀಳು ನೇರ ಗೆರೆ, ಅದಕ್ಕಿಂತ ನಯ ಏನು ಬೇಕು? ಆದರೆ ಸೀಳಿನ ಎರಡೂ ಪಕ್ಕ ಡೊಮೇನೇ ಇದೆ. ಸೀಳಿನ ಮೇಲ್ಬದಿಯಲ್ಲಿ 1, ಕೆಳಬದಿಯಲ್ಲಿ −1, ಸೀಳಿನ ಒಳತುದಿಯ ಹತ್ತಿರ 0 ಆಗುವ ಒಂದು ನಯವಾದ ಫಂಕ್ಷನ್ನನ್ನು ಈ ಡೊಮೇನಿನಲ್ಲಿ ಆರಾಮಾಗಿ ಕಟ್ಟಬಹುದು. ಇಡೀ ಸಮತಲದಲ್ಲಿ ನಯವಾಗಿರುವ ಫಂಕ್ಷನ್ನುಗಳಿಂದ ಇದನ್ನು ಸೊಬೊಲೆವ್ ಅಳತೆಯಲ್ಲಿ (ಬೆಲೆಯ ಜೊತೆಗೆ ಡೆರಿವೇಟಿವ್‌ಗಳ ವ್ಯತ್ಯಾಸವನ್ನೂ ಇಂಟೆಗ್ರಲ್‌ನಿಂದ ಅಳೆಯುವುದು) ಹತ್ತಿರ ಹತ್ತಿರ ಹೋಗಿ ಹಿಡಿಯಲು ಆಗುವುದಿಲ್ಲ. ಅವಕ್ಕೆ ಸೀಳಿನ ಆಚೆ ಈಚೆ ಒಂದೇ ಬೆಲೆ.

ಇಲ್ಲಿ ಒಂದು ಗೊಂದಲ ತಪ್ಪಿಸಿಕೊಳ್ಳಿ. ಡೊಮೇನಿನ ಒಳಗೆ ಮಾತ್ರ ನಯವಾಗಿರುವ ಫಂಕ್ಷನ್ನುಗಳು ಸಾಕು ಅಂದರೆ ಅಂಚಿನ ಮೇಲೆ ಯಾವ ಷರತ್ತೂ ಬೇಡ. ಇದು 1964ರಲ್ಲಿ ಮೈಯರ್ಸ್ ಮತ್ತು ಸೆರಿನ್ ತೋರಿಸಿದ್ದು. ಅಂಚಿನವರೆಗೂ ನಯ ಬೇಕು ಅಂದಾಗಲೇ ತಕರಾರು ಶುರು.

ಹೆಜ್ಜೆ 3: ದಿಕ್ಕು ಹುಡುಕಿ, ಕಾಗದ ತಿರುಗಿಸಿ, ನಕ್ಷೆ ಬರೆಯಿರಿ

ಮುಖ್ಯವಾದ ಹೆಜ್ಜೆ ಇದು. ಅಂಚಿನ ಒಂದು ಬಿಂದು ಹಿಡಿದುಕೊಳ್ಳಿ. ಅದರ ಸುತ್ತ ಒಂದು ಸಣ್ಣ ಜಾಗದಲ್ಲಿ, ಅಂಚಿನ ಯಾವ ಬಿಂದುವಿನಿಂದ ಹೊರಟರೂ ನೇರ ಒಳಗೇ ಹೋಗುವ ಒಂದು ದಿಕ್ಕು ಇದೆಯೇ? ದಿಕ್ಕು ಆ ಸಣ್ಣ ಜಾಗಕ್ಕೆಲ್ಲ ಒಂದೇ ಆಗಿರಬೇಕು, ಬಿಂದುವಿಗೊಂದು ದಿಕ್ಕು ಆಗುವುದಿಲ್ಲ.

ದಿಕ್ಕು ಸಿಕ್ಕರೆ ಅದು ಮೇಲಕ್ಕೆ ಬರುವ ಹಾಗೆ ಕಾಗದ ತಿರುಗಿಸಿ. ಈಗ ಪ್ರತಿ ಲಂಬ ಗೆರೆಯೂ ಅಂಚನ್ನು ಒಂದೇ ಸಲ ಮುಟ್ಟುತ್ತದೆ. ಅಂದರೆ ಅಂಚು ಒಂದು ಫಂಕ್ಷನ್ನಿನ ನಕ್ಷೆಯಾಯಿತು, ಡೊಮೇನ್ ಆ ನಕ್ಷೆಯ ಮೇಲ್ಭಾಗವಾಯಿತು. ಆ ಫಂಕ್ಷನ್ನಿಗೆ ಫೈ ಅಂತ ಹೆಸರಿಡೋಣ. ಉಳಿದದ್ದೆಲ್ಲ ಫೈ ಎಂಥದ್ದು ಅನ್ನುವುದರ ಮೇಲೆ.

ಫೈ ಬರೀ ಕಂಟಿನ್ಯುಯಸ್ ಆಗಿದ್ದರೆ ‘ರೇಖಾಖಂಡದ ಷರತ್ತು’ ಪೂರೈಸಿದ ಹಾಗೆ. ಅಂಚಿನವರೆಗೂ ನಯವಾದ ಫಂಕ್ಷನ್ನುಗಳಿಂದ ಸೊಬೊಲೆವ್ ಫಂಕ್ಷನ್ನುಗಳನ್ನು, ಅಂದರೆ ಆ ಅಳತೆ ಸೀಮಿತವಾಗಿರುವ ಫಂಕ್ಷನ್ನುಗಳನ್ನು, ಹಿಡಿಯಲು ಇಷ್ಟು ಸಾಕು. ಎಲ್ಲವನ್ನೂ ಆ ದಿಕ್ಕಿನಲ್ಲಿ ಸ್ವಲ್ಪ ಜರುಗಿಸಿ ಮಸುಕು ಮಾಡಿದರೆ ಮುಗಿಯಿತು. ಕಸ್ಪ್ ಕೂಡ ಇದರಲ್ಲಿ ಪಾಸಾಗಬಹುದು: ಎಕ್ಸ್‌ನ ಗಾತ್ರದ ವರ್ಗಮೂಲಕ್ಕಿಂತ ವೈ ಹೆಚ್ಚಿರುವ ಡೊಮೇನ್ ನೋಡಿ. ಮೊನೆ ಚೂಪು, ಆದರೆ ನಕ್ಷೆ ಕಂಟಿನ್ಯುಯಸ್.

ಫೈಯ ಏರಿಳಿತಕ್ಕೆ ಒಂದು ಮಿತಿ ಇದ್ದರೆ, ಅಂದರೆ ಯಾವ ಎರಡು ಬಿಂದುಗಳ ನಡುವೆಯೂ ಎತ್ತರದ ವ್ಯತ್ಯಾಸವು ಅಡ್ಡ ದೂರದ ಇಂತಿಷ್ಟು ಪಟ್ಟನ್ನು ಮೀರದಿದ್ದರೆ, ಅಂಚು ಲಿಪ್ಶಿಟ್ಸ್. ಆ ಪಟ್ಟವೇ ಲಿಪ್ಶಿಟ್ಸ್ ಸ್ಥಿರಾಂಕ. ಸಮತಲದ ಮೂಲೆಗೆ ಲೆಕ್ಕ ಸುಲಭ. ಮೂಲೆಯ ಕೋನವನ್ನು ಸಮಭಾಗ ಮಾಡುವ ಗೆರೆಯನ್ನು ಮೇಲಕ್ಕೆ ತಿರುಗಿಸಿ. ಸ್ಥಿರಾಂಕ ಅಂದರೆ ಅರ್ಧ ಕೋನದ ಕೋಟ್ಯಾಂಜೆಂಟ್‌ನ ಗಾತ್ರ. 90 ಡಿಗ್ರಿಗೆ 1. 60 ಡಿಗ್ರಿಗೆ ಸುಮಾರು 1.73. 10 ಡಿಗ್ರಿಗೆ ಸುಮಾರು 11.4. 270 ಡಿಗ್ರಿಯ ಒಳಮೂಲೆಗೂ 1. ಹಾಗಾಗಿ ಚೌಕ, ಎಲ್ ಆಕಾರ ಎರಡೂ ಲಿಪ್ಶಿಟ್ಸ್, ಸ್ಥಿರಾಂಕವೂ ಒಂದೇ. ಕೋನ 0 ಅಥವಾ 360 ಡಿಗ್ರಿಗೆ ಹೋದಾಗ ಸ್ಥಿರಾಂಕ ಅನಂತಕ್ಕೆ ಹಾರುತ್ತದೆ. ಕಸ್ಪ್‌ಗಳು ಅಲ್ಲೇ ಕೂತಿರುವುದು.

ಲಿಪ್ಶಿಟ್ಸ್ ಆದರೆ ಏನು ಸಿಗುತ್ತದೆ? ಬಹಳ ಸಿಗುತ್ತದೆ. ಲಿಪ್ಶಿಟ್ಸ್ ಫಂಕ್ಷನ್ನಿಗೆ ಹೆಚ್ಚುಕಡಿಮೆ ಎಲ್ಲ ಬಿಂದುಗಳಲ್ಲೂ ಡೆರಿವೇಟಿವ್ ಇದೆ ಅಂತ ರಾಡೆಮಾಖರ್ 1919ರಲ್ಲಿ ತೋರಿಸಿದರು. ಇಲ್ಲಿ ‘ಹೆಚ್ಚುಕಡಿಮೆ’ ಅಂದರೆ ಸೊನ್ನೆ ಅಳತೆಯ ಒಂದು ಗಣವನ್ನು ಬಿಟ್ಟು. ಆದ್ದರಿಂದ ಅಂಚಿಗೆ ಲಂಬ ದಿಕ್ಕು ಹೆಚ್ಚುಕಡಿಮೆ ಎಲ್ಲ ಕಡೆ ಇದೆ, ಒಳಗಿನ ಇಂಟೆಗ್ರಲ್ಲನ್ನು ಅಂಚಿನ ಇಂಟೆಗ್ರಲ್ ಮಾಡಿಕೊಡುವ ಡೈವರ್ಜೆನ್ಸ್ ಪ್ರಮೇಯ ನಡೆಯುತ್ತದೆ. ಸೊಬೊಲೆವ್ ಫಂಕ್ಷನ್ನಿಗೆ ಅಂಚಿನ ಮೇಲೆ ಬೆಲೆ ಕೊಡಬಹುದು. ಅದನ್ನು ಡೊಮೇನಿನ ಹೊರಗೂ ಚಾಚಬಹುದು: ಕಾಲ್ಡೆರಾನ್ 1961ರಲ್ಲಿ ಇದನ್ನು ಮಾಡಿದರು, ಅಳತೆಯ ಇಂಟೆಗ್ರಲ್‌ನಲ್ಲಿ ಬರುವ ಘಾತಗಳಲ್ಲಿ ಬಿಟ್ಟುಹೋಗಿದ್ದ ತುದಿಯವನ್ನು, ಅಂದರೆ 1 ಮತ್ತು ಅನಂತವನ್ನು, ಸ್ಟೈನ್ ಸೇರಿಸಿದರು. ಎಂಜಿನಿಯರಿಂಗ್ ಲೆಕ್ಕಗಳಲ್ಲಿ ಬರುವ ಬಹುಪಾಲು ಆಕಾರಗಳಿಗೆ ಇಷ್ಟು ಸಾಕು.

ಒಂದು ಉಚಿತ ಕೊಡುಗೆಯೂ ಇದೆ. ಸೀಮಿತವಾದ ಪ್ರತಿ ಉಬ್ಬು ಡೊಮೇನೂ (ಒಳಗಿನ ಯಾವ ಎರಡು ಬಿಂದು ಸೇರಿಸುವ ಗೆರೆಯೂ ಒಳಗೇ ಇರುವಂಥದ್ದು) ಲಿಪ್ಶಿಟ್ಸ್. ಪರೀಕ್ಷೆ ಮಾಡುವ ಕೆಲಸವೇ ಇಲ್ಲ. ಆದರೆ ಸ್ಥಿರಾಂಕ ಎಷ್ಟು ಬೇಕಾದರೂ ದೊಡ್ಡದಾಗಬಹುದು, ತೆಳ್ಳಗಿನ ತ್ರಿಕೋನ ನೆನಪಿರಲಿ.

ಇಲ್ಲಿಂದ ಮೇಲೆ ಮೆಟ್ಟಿಲುಗಳು ಸರಳ. ಫೈಗೆ ಕಂಟಿನ್ಯುಯಸ್ ಡೆರಿವೇಟಿವ್ ಇದ್ದರೆ ಅಂಚು ಸಿ-1, ಎರಡು ಡೆರಿವೇಟಿವ್ ಇದ್ದರೆ ಸಿ-2. ಮೊದಲ ಡೆರಿವೇಟಿವ್ ಆಲ್ಫಾ ಘಾತದ ಹೋಲ್ಡರ್ ಆದರೆ, ಅಂದರೆ ಅದರ ವ್ಯತ್ಯಾಸ ಅಡ್ಡ ದೂರದ ಆಲ್ಫಾ ಘಾತದ ಇಂತಿಷ್ಟು ಪಟ್ಟನ್ನು ಮೀರದಿದ್ದರೆ, ಸಿ-1,ಆಲ್ಫಾ. ಅದು ಲಿಪ್ಶಿಟ್ಸ್ ಆದರೆ ಸಿ-1,1.

ಎರಡು ಇಟ್ಟಿಗೆಯ ಪಾಠ

ಈಗ ಮೂರು ಆಯಾಮ. ನಾನು ಒಮ್ಮೆ ಒಂದು ಟಿಪ್ಪಣಿಯಲ್ಲಿ ‘ಡೊಮೇನ್ ಬಹುಮುಖಿ, ಆದ್ದರಿಂದ ಲಿಪ್ಶಿಟ್ಸ್’ ಅಂತ ಧೈರ್ಯವಾಗಿ ಬರೆದಿದ್ದೆ. ಮುಖಗಳೆಲ್ಲ ಸಪಾಟು, ಕೋನಗಳು ಯಾವುವೂ 0 ಅಲ್ಲ, 360 ಅಲ್ಲ. ಇನ್ನೇನು ಬೇಕು ಅಲ್ವಾ? ಆ ಸಾಲು ತಪ್ಪು.

ಒಂದು ಉದ್ದ ಇಟ್ಟಿಗೆ ಇಡಿ. ಅದರ ಮೇಲೆ ಇನ್ನೊಂದನ್ನು ಅಡ್ಡಲಾಗಿ ಇಡಿ, ಮೇಲಿನಿಂದ ನೋಡಿದರೆ ಕೂಡಿಸುವ ಚಿಹ್ನೆಯ ಹಾಗೆ ಕಾಣಬೇಕು. ಎರಡೂ ಮುಟ್ಟುವ ಚೌಕವನ್ನು ಒಳಗೆ ಸೇರಿಸಿಕೊಂಡು ಎರಡರ ಒಳಭಾಗವನ್ನೂ ಒಂದು ಡೊಮೇನ್ ಮಾಡಿ. ಆ ಚೌಕದ ಒಂದು ಮೂಲೆಗೆ ಬನ್ನಿ, ಅದನ್ನು ಮೂಲಬಿಂದು ಅನ್ನೋಣ. ಅಲ್ಲಿ ಕೆಳಗಿನ ಇಟ್ಟಿಗೆ ಅಂದರೆ ಝೆಡ್ ಮತ್ತು ವೈ ಎರಡೂ ಸೊನ್ನೆಗಿಂತ ಕಡಿಮೆ. ಮೇಲಿನ ಇಟ್ಟಿಗೆ ಅಂದರೆ ಝೆಡ್ ಸೊನ್ನೆಗಿಂತ ಹೆಚ್ಚು, ಎಕ್ಸ್ ಸೊನ್ನೆಗಿಂತ ಕಡಿಮೆ.

ಒಳಗೆ ಹೋಗುವ ಒಂದೇ ದಿಕ್ಕು ಹುಡುಕಿ. ಕೆಳ ಇಟ್ಟಿಗೆಯ ಪಕ್ಕದ ಮುಖದಿಂದ ಒಳಗೆ ಹೋಗಲು ವೈ ಕಡಿಮೆಯಾಗಬೇಕು. ಮೇಲಿನದರ ಪಕ್ಕದ ಮುಖದಿಂದ ಹೋಗಲು ಎಕ್ಸ್ ಕಡಿಮೆಯಾಗಬೇಕು. ಇಲ್ಲಿಯವರೆಗೆ ತೊಂದರೆಯಿಲ್ಲ. ಕೆಳ ಇಟ್ಟಿಗೆಯ ತಲೆಯ ಮೇಲೆ ಮುಚ್ಚದೆ ಉಳಿದ ಮುಖವಿದೆ, ಅಲ್ಲಿಂದ ಒಳಗೆ ಹೋಗಲು ಝೆಡ್ ಕಡಿಮೆಯಾಗಬೇಕು. ಮೇಲಿನ ಇಟ್ಟಿಗೆಯ ತಳದಲ್ಲಿ ಗಾಳಿಗೆ ತೆರೆದುಕೊಂಡ ಮುಖವಿದೆ, ಅಲ್ಲಿಂದ ಒಳಗೆ ಹೋಗಲು ಝೆಡ್ ಹೆಚ್ಚಾಗಬೇಕು. ಎರಡೂ ಒಟ್ಟಿಗೆ ಆಗುವುದಿಲ್ಲ. ಈ ನಾಲ್ಕೂ ಮುಖಗಳು ಆ ಒಂದು ಬಿಂದುವಿನಲ್ಲಿ ಸೇರುತ್ತವೆ, ಆದ್ದರಿಂದ ಜಾಗವನ್ನು ಎಷ್ಟು ಸಣ್ಣದು ಮಾಡಿದರೂ ದಿಕ್ಕು ಸಿಗುವುದಿಲ್ಲ. ಡೊಮೇನ್ ಲಿಪ್ಶಿಟ್ಸ್ ಅಲ್ಲ.

ಮೂರು ಆಯಾಮದ ಬಹುಮುಖಿ ಸಿಕ್ಕಾಗ ಮಾಡಬೇಕಾದ್ದು ಇಷ್ಟು: ಪ್ರತಿ ಶೃಂಗದಲ್ಲೂ, ಪ್ರತಿ ಏಣಿನ ಮೇಲೂ ಅಲ್ಲಿ ಸೇರುವ ಮುಖಗಳ ಒಳಮುಖ ಲಂಬಗಳನ್ನು ಬರೆಯಿರಿ. ಎಲ್ಲದರ ಜೊತೆಗೂ ಡಾಟ್ ಗುಣಲಬ್ಧ ಧನವಾಗುವ ಒಂದು ವೆಕ್ಟರ್ ಇದೆಯೇ ನೋಡಿ. ಎಲ್ಲೋ ಒಂದು ಕಡೆ ಇಲ್ಲದಿದ್ದರೆ ಅಲ್ಲಿಗೆ ಲಿಪ್ಶಿಟ್ಸ್ ಮಾತು ಬಿಟ್ಟುಬಿಡಿ. ಗಾಬರಿ ಬೇಡ, ಎರಡು ಇಟ್ಟಿಗೆಯ ಡೊಮೇನಿನಲ್ಲೂ ಸೊಬೊಲೆವ್ ಫಂಕ್ಷನ್ನುಗಳನ್ನು ಹೊರಗೆ ಚಾಚಬಹುದು. ಕಾರಣ ಹೆಜ್ಜೆ 7ರಲ್ಲಿದೆ.

ಹೆಜ್ಜೆ 4: ಚೆಂಡು ಉರುಳಿಸಿ

ಅಂಚಿನ ಬಿಂದುವೊಂದನ್ನು ಮುಟ್ಟುವ, ಪೂರ್ತಿ ಡೊಮೇನಿನ ಒಳಗೇ ಇರುವ ಚೆಂಡು ಕೂರುತ್ತದೆಯೇ? ಇದು ಒಳಚೆಂಡಿನ ಷರತ್ತು. ಪೂರ್ತಿ ಹೊರಗಿದ್ದು ಆ ಬಿಂದುವನ್ನು ಮುಟ್ಟಿದರೆ ಹೊರಚೆಂಡಿನದು. ಎರಡೂ ಪಕ್ಕ, ಎಲ್ಲ ಬಿಂದುಗಳಲ್ಲೂ ಒಂದೇ ತ್ರಿಜ್ಯದ ಚೆಂಡು ಕೂತರೆ ಅಂಚು ಸಿ-1,1. ಸೀಮಿತ ಡೊಮೇನಿಗೆ ಇದು ತಿರುಗಿಸಿದರೂ ನಿಜ. ಡೆರಿವೇಟಿವ್ ಹೆಸರೇ ಎತ್ತದೆ ಬರೀ ಚೆಂಡಿನಿಂದ ಸಿ-1,1 ಹಿಡಿಯಬಹುದು ಅನ್ನುವುದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ.

ಎರಡು ನೇರ ಗೆರೆಗಳ ತುದಿಗೆ ಅರ್ಧವೃತ್ತ ಕೂಡಿಸಿದ ಓಟದ ಮೈದಾನದ ಆಕಾರ ನೋಡಿ. ಜೋಡಣೆಯಲ್ಲಿ ವಕ್ರತೆ 0ಯಿಂದ ಒಮ್ಮೆಲೇ ತ್ರಿಜ್ಯದ ವಿಲೋಮಕ್ಕೆ ಹಾರುತ್ತದೆ. ಆದ್ದರಿಂದ ಸಿ-2 ಅಲ್ಲ. ಅರ್ಧವೃತ್ತದಷ್ಟೇ ತ್ರಿಜ್ಯದ ಚೆಂಡು ಒಳಗೆ ಸಲೀಸಾಗಿ ಉರುಳುತ್ತದೆ, ಹೊರಗೆ ಎಷ್ಟು ದೊಡ್ಡದಾದರೂ ಆಗುತ್ತದೆ. ಆದ್ದರಿಂದ ಸಿ-1,1.

ಚೌಕದ ಮೂಲೆಗೆ ಒಳಚೆಂಡು ಹೋಗುವುದಿಲ್ಲ, ಹೊರಚೆಂಡು ಕೂರುತ್ತದೆ. ಎಲ್ ಆಕಾರದ 270 ಡಿಗ್ರಿ ಮೂಲೆಯಲ್ಲಿ ಇದರ ಉಲ್ಟಾ. ಇವೆರಡರ ಪರಿಣಾಮವೂ ಬೇರೆ ಬೇರೆ.

ಒಳಚೆಂಡು ಬೇಕಾಗುವುದು ಹಾಪ್ಫ್ ಲೆಮ್ಮಾಕ್ಕೆ. ಹಾಪ್ಫ್ ಮತ್ತು ಓಲೈನಿಕ್ ಇಬ್ಬರೂ 1952ರಲ್ಲಿ, ಬೇರೆ ಬೇರೆಯಾಗಿ ಇದನ್ನು ಕೊಟ್ಟರು. ಡೊಮೇನಿನ ಒಳಗೆ ಧನವಾಗಿದ್ದು ಅಂಚಿನ ಬಿಂದುವೊಂದರಲ್ಲಿ ಸೊನ್ನೆಯಾಗುವ ಹಾರ್ಮೋನಿಕ್ ಫಂಕ್ಷನ್ (ಪ್ರತಿ ಬಿಂದುವಿನ ಬೆಲೆ ಸುತ್ತಲಿನ ಬೆಲೆಗಳ ಸರಾಸರಿ ಆಗಿರುವಂಥದ್ದು) ಆ ಬಿಂದುವಿನಿಂದ ಒಳಕ್ಕೆ ನಿಜವಾದ ಇಳಿಜಾರಿನಲ್ಲೇ ಏರಬೇಕು ಅನ್ನುತ್ತದೆ ಅದು. ಕಾಲು ಸಮತಲದಲ್ಲಿ ಎಕ್ಸ್ ಮತ್ತು ವೈ ಗುಣಲಬ್ಧ ನೋಡಿ: ಒಳಗೆ ಧನ, ಎರಡೂ ಅಂಚಿನಲ್ಲಿ ಸೊನ್ನೆ, ಹಾರ್ಮೋನಿಕ್ ಕೂಡ. ಮೂಲೆಯಲ್ಲಿ ಗ್ರೇಡಿಯಂಟ್ ಸೊನ್ನೆ. ಚೆಂಡು ಹೋಗದ ಜಾಗದಲ್ಲಿ ಲೆಮ್ಮಾ ಕೈಕೊಟ್ಟಿತು.

ಹೊರಚೆಂಡು ಇಲ್ಲದ ಕಡೆ ಬೇರೆ ರೋಗ. 270 ಡಿಗ್ರಿ ಮೂಲೆಯಲ್ಲಿ ದೂರದ 2/3 ಘಾತವನ್ನು ಕೋನದ 2/3 ಭಾಗದ ಸೈನ್‌ಗೆ ಗುಣಿಸಿ. ಎರಡೂ ಬದಿಯಲ್ಲಿ ಸೊನ್ನೆಯಾಗುವ ಹಾರ್ಮೋನಿಕ್ ಫಂಕ್ಷನ್ ಅದು. ಗ್ರೇಡಿಯಂಟ್ ದೂರದ −1/3 ಘಾತದಂತೆ ಬೆಳೆದು ಮೂಲೆಯಲ್ಲಿ ಸಿಡಿಯುತ್ತದೆ. ಎರಡನೇ ಡೆರಿವೇಟಿವ್‌ಗಳ ವರ್ಗಕ್ಕೆ ಇಂಟೆಗ್ರಲ್ ಸೀಮಿತವಾಗುವುದಿಲ್ಲ, ಅಂದರೆ ಪರಿಹಾರ ಎಚ್-2 ಅಲ್ಲ. ಡೊಮೇನನ್ನು ಸಣ್ಣ ತುಂಡು ಮಾಡಿ ಕಂಪ್ಯೂಟರಿನಲ್ಲಿ ಪರಿಹಾರ ಹುಡುಕುವ ಫೈನೈಟ್ ಎಲಿಮೆಂಟ್ ಮಾಡುವವರು ಎಲ್ ಆಕಾರವನ್ನು ಪರೀಕ್ಷೆಗೆ ಇಟ್ಟುಕೊಳ್ಳುವುದು ಈ ಕಾರಣಕ್ಕೇ. ಉಬ್ಬು ಡೊಮೇನಿನಲ್ಲಿ ಮೂಲೆ ಎಷ್ಟಿದ್ದರೂ ಈ ತೊಂದರೆ ಬರುವುದಿಲ್ಲ. 1964ರಲ್ಲಿ ಕಾಡ್ಲೆಟ್ಸ್ ಅದನ್ನು ಸಾಧಿಸಿದರು.

ಇನ್ನೊಂದು ಎಚ್ಚರಿಕೆ. ಲಂಬ ಇದ್ದ ಮಾತ್ರಕ್ಕೆ ಚೆಂಡು ಕೂರುತ್ತದೆ ಅಂದುಕೊಳ್ಳಬೇಡಿ. ಎಕ್ಸ್ ಗಾತ್ರದ 3/2 ಘಾತಕ್ಕಿಂತ ವೈ ಹೆಚ್ಚಿರುವ ಡೊಮೇನ್ ಸಿ-1, ಎಲ್ಲ ಕಡೆ ಲಂಬ ಇದೆ. ಆರ್ ತ್ರಿಜ್ಯದ ಚೆಂಡಿನ ತಳ ಮೂಲಬಿಂದುವಿನ ಹತ್ತಿರ ಎಕ್ಸ್-ವರ್ಗವನ್ನು 2ಆರ್‌ನಿಂದ ಭಾಗಿಸಿದಷ್ಟು ಎತ್ತರದಲ್ಲಿರುತ್ತದೆ. ಎಕ್ಸ್ ಸಣ್ಣದಾದಾಗ ವರ್ಗ 3/2 ಘಾತಕ್ಕಿಂತ ಬೇಗ ಕುಗ್ಗುತ್ತದೆ, ಆದ್ದರಿಂದ ಚೆಂಡು ಎಷ್ಟು ಚಿಕ್ಕದಿದ್ದರೂ ಅಂಚನ್ನು ಕೊರೆದು ಹೊರಬರುತ್ತದೆ. ಆದರೆ ಸಿ-1,ಆಲ್ಫಾ ಅಂಚಿಗೆ ಹಾಪ್ಫ್ ಲೆಮ್ಮಾ ಬೇರೆ ಸಾಧನೆಯಿಂದ ಸಿಗುತ್ತದೆ, ಹಾಗಾಗಿ ಚೆಂಡು ಕೂರಲಿಲ್ಲ ಅಂತ ಅಲ್ಲೇ ಕೈಬಿಡಬೇಡಿ.

ಹೆಜ್ಜೆ 5: ಶಂಕು ಒಳಗೂ ಹೊರಗೂ

ಒಂದು ಸೀಮಿತ ಶಂಕು ಆರಿಸಿ, ಎತ್ತರ ಮತ್ತು ಕೋನ ಬದಲಾಯಿಸುವ ಹಾಗಿಲ್ಲ. ಡೊಮೇನಿನ ಪ್ರತಿ ಬಿಂದುವಿನಲ್ಲೂ ಅದರ ತುದಿ ಇಟ್ಟು, ಬೇಕಾದ ಕಡೆ ತಿರುಗಿಸಿ, ಪೂರ್ತಿ ಒಳಗೇ ಕೂರಿಸಲು ಆದರೆ ಒಳಶಂಕು ಷರತ್ತು ಪೂರೈಸಿತು. ಸೊಬೊಲೆವ್ ಎಂಬೆಡಿಂಗ್ ಪ್ರಮೇಯಗಳಿಗೆ, ಅಂದರೆ ಡೆರಿವೇಟಿವ್ ಹತೋಟಿಯಲ್ಲಿದ್ದರೆ ಫಂಕ್ಷನ್ನಿನ ಇನ್ನೂ ದೊಡ್ಡ ಘಾತಗಳ ಇಂಟೆಗ್ರಲ್ಲೂ ಸೀಮಿತ ಅನ್ನುವ ಮಾತುಗಳಿಗೆ, ಇಷ್ಟು ಸಾಕು. ಸೀಳಿದ ತಟ್ಟೆ ಹೆಜ್ಜೆ 2ರಲ್ಲಿ ಫೇಲಾಗಿತ್ತು, ಇಲ್ಲಿ ಪಾಸಾಗುತ್ತದೆ. ಗಾಲ್ಯಾರ್ಡೊ 1958ರಲ್ಲಿ ತೋರಿಸಿದ ಒಂದು ಮಾತು ಇದನ್ನು ಬಿಡಿಸಿ ಹೇಳುತ್ತದೆ: ಒಳಶಂಕು ಇರುವ ಸೀಮಿತ ಡೊಮೇನನ್ನು ಕೆಲವೇ ಲಿಪ್ಶಿಟ್ಸ್ ಡೊಮೇನುಗಳನ್ನು ಒಂದರ ಮೇಲೊಂದು ಹಾಸಿ ಕಟ್ಟಬಹುದು. ಪ್ರತಿ ತುಂಡಿನಲ್ಲೂ ಅಂದಾಜು ಸಿಕ್ಕರೆ ಒಟ್ಟಿಗೂ ಸಿಕ್ಕಿತು.

ಅಂಚಿನ ಬಿಂದುವಿನ ಸುತ್ತಲಿನ ಎಲ್ಲ ಬಿಂದುಗಳಿಗೂ ಶಂಕುವನ್ನು ತಿರುಗಿಸದೆ ಒಂದೇ ದಿಕ್ಕಿನಲ್ಲಿ ಇಡಬಹುದು ಅಂದರೆ ಅದಕ್ಕೆ ಸಮರೂಪ ಶಂಕು ಷರತ್ತು ಅಂತ ಹೆಸರು. ಸೀಮಿತ ಡೊಮೇನಿಗೆ ಅದೂ ಲಿಪ್ಶಿಟ್ಸ್ ಅನ್ನುವುದೂ ಒಂದೇ. ದಿಕ್ಕು ಸ್ಥಿರವೋ ಅಲ್ಲವೋ ಅನ್ನುವುದೇ ಇಡೀ ವ್ಯತ್ಯಾಸ.

ಹೊರಶಂಕುವಿನ ಕತೆ ಬೇರೆ. ಅಂಚಿನಲ್ಲಿ ಕೊಟ್ಟ ಬೆಲೆಯನ್ನು ಹಾರ್ಮೋನಿಕ್ ಫಂಕ್ಷನ್ ನಿಜವಾಗಿಯೂ ಅಲ್ಲಿ ಪಡೆಯುತ್ತದೆಯೇ ಅನ್ನುವುದು ಡಿರಿಶ್ಲೆ ಸಮಸ್ಯೆ. ಎಲ್ಲ ಸಲವೂ ಪಡೆಯುತ್ತದೆ ಅಂತಿಲ್ಲ ಎಂದು 1911ರಲ್ಲಿ ಜರೆಂಬಾ ತೋರಿಸಿದರು. ತಟ್ಟೆಯ ನಡುಬಿಂದುವೊಂದನ್ನೇ ತೆಗೆದುಹಾಕಿ, ಸುತ್ತ 0, ನಡುವೆ 1 ಬೇಕು ಅನ್ನಿ. ಒಂಟಿ ಬಿಂದುವನ್ನು ಹಾರ್ಮೋನಿಕ್ ಫಂಕ್ಷನ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಎಲ್ಲ ಕಡೆ 0 ಆಗಿಬಿಡುತ್ತದೆ. ಬಿಂದುವಿನ ಹೊರಗೆ ಒಂದು ಶಂಕು ನೆಟ್ಟರೆ ಈ ತಕರಾರು ಇರುವುದಿಲ್ಲ.

ಮೂರು ಆಯಾಮದಲ್ಲಿ ಹೊರಗಿನಿಂದ ಡೊಮೇನಿನೊಳಗೆ ಚುಚ್ಚಿದ ಮುಳ್ಳನ್ನು ಯೋಚಿಸಿ. ಇದು ಲೆಬೆಗ್ ಕೊಟ್ಟ ಉದಾಹರಣೆ. ಮುಳ್ಳಿನ ತುದಿಯಿಂದ ಎಕ್ಸ್ ದೂರದಲ್ಲಿ ಅದರ ದಪ್ಪ ಎಕ್ಸ್‌ನ ಯಾವುದೋ ಘಾತದಷ್ಟಿದ್ದರೆ, ಘಾತ 100 ಆದರೂ ಸರಿ, ತುದಿಯಲ್ಲಿ ಕೊಟ್ಟ ಬೆಲೆ ನಿಲ್ಲುತ್ತದೆ, ಅಂದರೆ ಫಂಕ್ಷನ್ ಅದನ್ನು ಪಡೆಯುತ್ತದೆ. ದಪ್ಪ ‘ಇ’ ಸಂಖ್ಯೆಯ −1/ಎಕ್ಸ್ ಘಾತದಂತೆ ಕುಗ್ಗಿದರೆ ನಿಲ್ಲುವುದಿಲ್ಲ. ಎರಡೂ ಮುಳ್ಳುಗಳು ಕಣ್ಣಿಗೆ ಒಂದೇ. ವೀನರ್ 1924ರಲ್ಲಿ ಕೊಟ್ಟ ಕರಾರುವಾಕ್ಕಾದ ಪರೀಕ್ಷೆಯಲ್ಲಿ ತುದಿಯತ್ತ ಅರ್ಧ ಅರ್ಧ ದೂರಕ್ಕೆ ಹೋಗುತ್ತ ಪ್ರತಿ ತುಂಡಿನ ವಿದ್ಯುತ್ ಧಾರಕತೆಯನ್ನು ಆ ದೂರದಿಂದ ಭಾಗಿಸಿ ಕೂಡಿಸಬೇಕು. ಮೊದಲ ಮುಳ್ಳಿಗೆ ಮೊತ್ತ 1 + 1/2 + 1/3 ಹೀಗೆ ಬೆಳೆದು ಅನಂತಕ್ಕೆ ಹೋಗುತ್ತದೆ. ಎರಡನೆಯದಕ್ಕೆ 1/2 + 1/4 + 1/8 ರೀತಿ ನಿಂತುಬಿಡುತ್ತದೆ. ಸಮತಲದಲ್ಲಿ ಈ ಕಷ್ಟವೇ ಇಲ್ಲ: ಹೊರಗಿನ ಒಂದು ಸೀಳು ಬಂದು ಮುಟ್ಟಿದರೂ ಬೆಲೆ ನಿಲ್ಲುತ್ತದೆ.

ಹೆಜ್ಜೆ 6: ಕಸ್ಪ್ ಇದ್ದರೆ ಲೆಕ್ಕ ಮಾಡಿ, ಊಹೆ ಬೇಡ

ಎಕ್ಸ್ 0ಯಿಂದ 1ರವರೆಗೆ, ವೈ ಗಾತ್ರ ಎಕ್ಸ್-ಘನಕ್ಕಿಂತ ಕಡಿಮೆ. ಹೊರಕ್ಕೆ ಚಾಚಿದ ಕಸ್ಪ್ ಇದು. ಯಾವ ಶಂಕುವೂ ತುದಿಯೊಳಗೆ ಕೂರುವುದಿಲ್ಲ. ಪರಿಣಾಮ ಏನು ಅಂತ ಕೈಯಾರೆ ನೋಡೋಣ.

ಎಕ್ಸ್‌ನ −1/2 ಘಾತವನ್ನು ಫಂಕ್ಷನ್ ಅಂತ ತೆಗೆದುಕೊಳ್ಳಿ. ಅದರ ಡೆರಿವೇಟಿವ್‌ನ ವರ್ಗ ಎಕ್ಸ್‌ನ −3 ಘಾತದಂತೆ. ಎಕ್ಸ್‌ನಲ್ಲಿ ಡೊಮೇನಿನ ಅಗಲ ಎಕ್ಸ್-ಘನದ ಎರಡು ಪಟ್ಟು. ಗುಣಿಸಿದರೆ ಎರಡೂ ಹೊಡೆದುಹೋಗುತ್ತವೆ, ಇಂಟೆಗ್ರಲ್ ಸೀಮಿತ. ಫಂಕ್ಷನ್ನಿನ ವರ್ಗದ ಇಂಟೆಗ್ರಲ್ ಕೂಡ ಸೀಮಿತ. ಅಂದರೆ ಇದು ಎಚ್-1ರಲ್ಲಿದೆ. ಈಗ ಅದರ 8ನೇ ಘಾತ ನೋಡಿ: ಎಕ್ಸ್‌ನ −4 ಘಾತ, ಅಗಲದ 3 ಸೇರಿಸಿದರೆ −1. ಸೊನ್ನೆಯ ಹತ್ತಿರ ಇಂಟೆಗ್ರಲ್ ಲಾಗರಿದಂನಂತೆ ಸಿಡಿಯುತ್ತದೆ. ಸಮತಲದ ಸೀಮಿತ ಲಿಪ್ಶಿಟ್ಸ್ ಡೊಮೇನಿನಲ್ಲಿ ಎಚ್-1 ಫಂಕ್ಷನ್ನಿನ ಎಲ್ಲ ಸೀಮಿತ ಘಾತಗಳಿಗೂ ಇಂಟೆಗ್ರಲ್ ಇರಲೇಬೇಕು. ಇಲ್ಲಿ 8ಕ್ಕೇ ಬಿದ್ದುಹೋಯಿತು. ಹಾಗಾಗಿ ಈ ಫಂಕ್ಷನ್ನನ್ನು ಇಡೀ ಸಮತಲಕ್ಕೆ ಚಾಚಲೂ ಆಗುವುದಿಲ್ಲ.

ಗಮನಿಸಿ, ಎಕ್ಸ್ ದಿಕ್ಕಿನಲ್ಲಿ ಜರುಗಿದರೆ ಈ ಕಸ್ಪ್‌ನ ತುದಿಯಲ್ಲೂ ರೇಖಾಖಂಡದ ಷರತ್ತು ಪೂರೈಸುತ್ತದೆ. ಅಂಚಿನವರೆಗಿನ ನಯವಾದ ಫಂಕ್ಷನ್ನುಗಳು ಇಲ್ಲಿ ಸಾಕಾಗುತ್ತವೆ, ಎಂಬೆಡಿಂಗ್ ಮುರಿಯುತ್ತದೆ. ಸೀಳಿದ ತಟ್ಟೆಯಲ್ಲಿ ಎಂಬೆಡಿಂಗ್ ಉಳಿಯುತ್ತದೆ, ನಯವಾದ ಫಂಕ್ಷನ್ನುಗಳಿಂದ ಹಿಡಿಯುವ ಕೆಲಸ ಮುರಿಯುತ್ತದೆ. ಒಂದೇ ಏಣಿಯಲ್ಲಿ ಇವೆರಡನ್ನು ಮೇಲೆ ಕೆಳಗೆ ನಿಲ್ಲಿಸಲು ಆಗುವುದಿಲ್ಲ, ನೋಡಿ.

ಹೆಜ್ಜೆ 7: ಒಳಗೆ ಓಡಾಡಿ ನೋಡಿ

ಕೊನೆಯ ಸಲಕರಣೆ ದಾರಿ. ಅಂಚಿನ ಆಕಾರವನ್ನೇ ಮರೆತು, ಒಳಗಿನ ಓಡಾಟ ಎಷ್ಟು ಸಲೀಸು ಅಂತ ಕೇಳುವುದು.

ಒಂದು ಕೇಂದ್ರ ಆರಿಸಿ. ಯಾವ ಬಿಂದುವಿನಿಂದಲೂ ಅಲ್ಲಿಗೆ ಹೋಗುವ ದಾರಿ, ಹೊರಟ ಬಿಂದುವಿನಿಂದ ದೂರವಾದಷ್ಟೂ ಅಂಚಿನಿಂದಲೂ ಅದೇ ಪ್ರಮಾಣದಲ್ಲಿ ದೂರ ಸರಿಯಬೇಕು. ಇಂಥ ಡೊಮೇನಿಗೆ ಜಾನ್ ಡೊಮೇನ್ ಅಂತ ಹೆಸರು, ಫ್ರಿಟ್ಜ್ ಜಾನ್ 1961ರಲ್ಲಿ ಬಳಸಿದ್ದರಿಂದ. ಮೇಲಿನ ಹೊರಕಸ್ಪ್ ಇದರಲ್ಲಿ ಬೀಳುತ್ತದೆ. ಸೀಳಿದ ತಟ್ಟೆ ಪಾಸು. ಪ್ವಾಂಕಾರೆ ಅಸಮಾನತೆಗೆ, ಅಂದರೆ ಫಂಕ್ಷನ್ ತನ್ನ ಸರಾಸರಿಯಿಂದ ಎಷ್ಟು ಸರಿಯುತ್ತದೆ ಅನ್ನುವುದನ್ನು ಗ್ರೇಡಿಯಂಟ್‌ನಿಂದ ಮಿತಿಯಲ್ಲಿಡುವ ಮಾತಿಗೆ, ಇದು ಸಾಕು.

ಯಾವುದೇ ಎರಡು ಬಿಂದುಗಳ ನಡುವಿನ ದಾರಿ ಅವುಗಳ ನೇರ ದೂರದ ಇಂತಿಷ್ಟು ಪಟ್ಟಿಗಿಂತ ಉದ್ದ ಇರಬಾರದು, ಜೊತೆಗೆ ನಡುವೆ ಅಂಚಿನಿಂದ ದೂರವೂ ಇರಬೇಕು ಅಂದರೆ ಯೂನಿಫಾರ್ಮ್ ಡೊಮೇನ್. ಸೀಳಿದ ತಟ್ಟೆ ಇಲ್ಲಿ ಫೇಲು: ಸೀಳಿನ ಆಚೆ ಈಚೆ ಕೂದಲೆಳೆಯಷ್ಟು ದೂರದಲ್ಲಿರುವ ಬಿಂದುಗಳಿಗೆ ಸುತ್ತು ಹಾಕಿ ಹೋಗಬೇಕು. ಇದರ ಸ್ಥಳೀಯ ರೂಪ ಎಪ್ಸಿಲಾನ್-ಡೆಲ್ಟಾ ಡೊಮೇನ್. ಅದರಲ್ಲಿ ಸೊಬೊಲೆವ್ ಫಂಕ್ಷನ್ನುಗಳನ್ನು ಹೊರಗೆ ಚಾಚಬಹುದು ಅಂತ 1981ರಲ್ಲಿ ಪೀಟರ್ ಜೋನ್ಸ್ ಸಾಧಿಸಿದರು. ಎರಡು ಇಟ್ಟಿಗೆಯಲ್ಲಿ ಒಂದೇ ದಿಕ್ಕು ಸಿಗದಿದ್ದರೂ ಓಡಾಟಕ್ಕೆ ಅಡ್ಡಿಯಿಲ್ಲ, ಆದ್ದರಿಂದ ಅದು ಪಾರಾಯಿತು.

ಕೋಖ್ ಹಿಮಹರಳೂ ಪಾರಾಗುತ್ತದೆ. ಅದರ ಸುತ್ತಳತೆ ಪ್ರತಿ ಹಂತದಲ್ಲೂ 4/3 ಪಟ್ಟು ಬೆಳೆದು ಅನಂತಕ್ಕೆ ಹೋಗುತ್ತದೆ, ಅಂಚಿನ ಆಯಾಮ ಸುಮಾರು 1.26, ಎಲ್ಲಿಯೂ ಸ್ಪರ್ಶರೇಖೆ ಇಲ್ಲ. ಆದರೆ ಒಳಗೆ ಯಾವ ಇಕ್ಕಟ್ಟೂ ಇಲ್ಲ. ಒಂದೇ ಒಂದು ಕಸ್ಪ್ ಇರುವ, ಉಳಿದೆಲ್ಲ ಕಡೆ ನಯವಾದ ಡೊಮೇನ್ ಮಾಡಲಾಗದ್ದನ್ನು ಇದು ಮಾಡುತ್ತದೆ.

ಹೆಜ್ಜೆ 8: ಪ್ರಮೇಯದಿಂದ ಹಿಂದಕ್ಕೆ ಬನ್ನಿ

ಇಷ್ಟೆಲ್ಲ ಪರೀಕ್ಷೆ ಪ್ರತಿ ಸಲ ಬೇಡ. ನಿಮಗೆ ಯಾವ ಫಲಿತಾಂಶ ಬೇಕೋ ಅದರಿಂದ ಶುರು ಮಾಡಿ. ಅಂಚಿನಲ್ಲಿ ಬೆಲೆ ಮತ್ತು ಡೈವರ್ಜೆನ್ಸ್ ಪ್ರಮೇಯ ಬೇಕಾದರೆ ಲಿಪ್ಶಿಟ್ಸ್ ಅಂತ ಬರೆಯಿರಿ. ಬರೀ ಎಂಬೆಡಿಂಗ್ ಆದರೆ ಒಳಶಂಕು. ಪರಿಹಾರ ಅಂಚಿನವರೆಗೆ ಕಂಟಿನ್ಯುಯಸ್ ಆದರೆ ಸಾಕು ಅಂದರೆ ಹೊರಶಂಕು. ಪರಿಹಾರ ಎಚ್-2 ಆಗಬೇಕಾದರೆ ಸಿ-1,1 ಅಥವಾ ಉಬ್ಬು. ‘ಸಾಕಷ್ಟು ನಯ’ ಅನ್ನುವ ಮಾತನ್ನು ಅಳಿಸಿಹಾಕಿ.

ಡೊಮೇನ್ ಸೀಮಿತವಾಗಿದ್ದರೆ ಅಂಚು ಕಾಂಪ್ಯಾಕ್ಟ್, ಕೆಲವೇ ಸಣ್ಣ ಜಾಗಗಳು ಅದನ್ನು ಮುಚ್ಚುತ್ತವೆ, ಎಲ್ಲಕ್ಕೂ ಸೇರಿ ಒಂದು ದೊಡ್ಡ ಸ್ಥಿರಾಂಕ ಸಿಗುತ್ತದೆ. ಅನಂತಕ್ಕೆ ಹೋಗುವ ಡೊಮೇನಿನಲ್ಲಿ ಈ ಅನುಕೂಲ ಇಲ್ಲ. ದೂರ ಹೋದಂತೆ ಮೂಲೆಗಳು ಚೂಪಾಗುತ್ತಲೇ ಇರಬಹುದು, ಆದ್ದರಿಂದ ‘ಎಲ್ಲ ಕಡೆ ಒಂದೇ ಸ್ಥಿರಾಂಕ’ ಅಂತ ಷರತ್ತಿನಲ್ಲೇ ಬರೆಯಬೇಕು.

ಡೊಮೇನುಗಳ ಸಾಲು ಸಾಲೇ ಇದ್ದಾಗಲೂ ಹೀಗೇ. ಆಕಾರವನ್ನು ಬದಲಾಯಿಸುತ್ತ ಅತ್ಯುತ್ತಮವಾದದ್ದನ್ನು ಹುಡುಕುವ ಲೆಕ್ಕಗಳಲ್ಲಿ ಪ್ರತಿ ಆಕಾರವೂ ಲಿಪ್ಶಿಟ್ಸ್ ಆಗಿದ್ದರೂ ಮಿತಿಯಲ್ಲಿ ಕಸ್ಪ್ ಮೂಡಬಹುದು. ಡೆನಿಸ್ ಶೆನೆ 1975ರಲ್ಲಿ ಇದಕ್ಕೆ ಕೊಟ್ಟ ದಾರಿ ಸರಳ. ಒಂದು ಶಂಕುವನ್ನು ಮೊದಲೇ ನಿಗದಿ ಮಾಡಿ, ಎಲ್ಲ ಆಕಾರಗಳೂ ಒಂದೇ ಸೀಮಿತ ಜಾಗದೊಳಗಿದ್ದು ಅದೇ ಶಂಕುವಿನ ಸಮರೂಪ ಷರತ್ತನ್ನು ಪೂರೈಸಲಿ ಅನ್ನಿ. ಆಗ ಸಾಲಿನಿಂದ ಆರಿಸಿದ ಒಂದು ಉಪಸಾಲು ಒಂದು ಆಕಾರಕ್ಕೆ ಹೋಗಿ ಸೇರುತ್ತದೆ, ಆ ಆಕಾರದಲ್ಲೂ ಅದೇ ಶಂಕು ಕೂರುತ್ತದೆ.